ಬೆಳಕಿನ ಗಿರಣಿ: ಉಪಕರಣ ಚೆನ್ನಾಗಿದೆ, ಜೊತೆಗೆ ಕೊಟ್ಟ ವಿವರಣೆ ತಪ್ಪಾಗಿದೆ

ವಿಜ್ಞಾನದ ಪ್ರಾತ್ಯಕ್ಷಿಕೆಗೆಂದು ಮಾರುವ ಸಾಮಗ್ರಿಗಳಲ್ಲಿ ಗಾಜಿನ ಬುರುಡೆಯೊಳಗೆ ನಾಲ್ಕು ಪುಟ್ಟ ರೆಕ್ಕೆಗಳು ತಿರುಗುವ ಉಪಕರಣವನ್ನು ಹಲವರು ನೋಡಿರುತ್ತಾರೆ. ಕ್ರೂಕ್ಸ್ ರೇಡಿಯೊಮೀಟರ್ ಎಂಬುದು ಅದರ ಶಾಸ್ತ್ರೀಯ ಹೆಸರು, ಬೆಳಕಿನ ಗಿರಣಿ ಎಂಬುದು ಬಳಕೆಯ ಹೆಸರು. ನಾನು ಕೊಂಡದ್ದು ಅಂಥದ್ದೇ ಒಂದು. ಅದರ ಪೆಟ್ಟಿಗೆಯ ಮೇಲೆ ಫೋಟಾನ್‌ಗಳ, ಎಂದರೆ ಬೆಳಕಿನ ಕಣಗಳ, ತಳ್ಳುವಿಕೆಯನ್ನು ಕಣ್ಣಾರೆ ನೋಡಬಹುದು ಎಂದು ಬರೆದಿದೆ. ಒಳಗಿನ ಮಡಿಸಿದ ಹಾಳೆಯಲ್ಲಿ ಫೋಟಾನ್, ಬಲ ಮತ್ತು ದ್ರವ್ಯರಾಶಿಗಳ ಬಗ್ಗೆ ಎರಡು ಪುಟದಷ್ಟು ವಿವರಣೆ ಇದೆ. ಉಪಕರಣವನ್ನು ಯಾರಿಗೆ ಬೇಕಾದರೂ ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಆದರೆ ಆ ಹಾಳೆಯನ್ನು ತಿದ್ದದೆ ವಿದ್ಯಾರ್ಥಿಯ ಕೈಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಬೆಳಕಿನ ವೇಗದ ಹತ್ತಿರದ ಚಲನೆಯನ್ನೂ ವಿವರಿಸುವ ಐನ್‌ಸ್ಟೈನರ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತವನ್ನು ಕಲಿಯುವವರು ಹೆಚ್ಚಾಗಿ ಎಡವುವ ಮೂರು ಕಡೆಗಳಲ್ಲೂ ಅದು ಅವರನ್ನು ತಪ್ಪು ದಾರಿಗೆ ಹಚ್ಚುತ್ತದೆ.

ಮೊದಲು ವಸ್ತುವಿನ ವಿಷಯ. ಬುರುಡೆಯ ಗಾಜು ತೆಳುವಾಗಿ, ಗುಳ್ಳೆಯಿಲ್ಲದೆ ಸ್ವಚ್ಛವಾಗಿದೆ. ತಳದಿಂದ ಮೇಲೆದ್ದ ಸೂಜಿಯ ಮೊನೆಯ ಮೇಲೆ ಚಿಕ್ಕ ಗಾಜಿನ ಟೊಪ್ಪಿಯೊಂದು ಕುಳಿತಿದೆ. ಅದರಿಂದ ಹೊರಟ ನಾಲ್ಕು ತಂತಿಗಳ ತುದಿಗೆ ಒಂದೊಂದು ಚೌಕಾಕಾರದ ತೆಳು ರೆಕ್ಕೆ ಅಂಟಿದೆ. ಪ್ರತಿ ರೆಕ್ಕೆಯ ಒಂದು ಮುಖಕ್ಕೆ ಮಸಿಯಂಥ ಕಪ್ಪು ಬಳಿದಿದ್ದಾರೆ, ಇನ್ನೊಂದು ಮುಖ ಬೆಳ್ಳಿಯಂತೆ ಹೊಳೆಯುತ್ತದೆ. ಸುತ್ತಲೂ ನೋಡುತ್ತ ಹೋದರೆ ಕಪ್ಪು ಮುಖಗಳೆಲ್ಲ ಒಂದೇ ದಿಕ್ಕಿಗೆ ತಿರುಗಿವೆ. ಬುರುಡೆಯನ್ನು ಸ್ವಲ್ಪ ಓರೆ ಮಾಡಿದರೂ ಟೊಪ್ಪಿ ಸೂಜಿಯಿಂದ ಜಾರಿ ಬೀಳದಂತೆ ಮೇಲಿನಿಂದ ಇಳಿದ ಗಾಜಿನ ಕೊಳವೆ ತಡೆಯುತ್ತದೆ. ಈ ಸಣ್ಣ ಎಚ್ಚರಿಕೆ ಇಲ್ಲದ ಉಪಕರಣಗಳು ಸಾಗಣೆಯಲ್ಲೇ ಹಾಳಾಗುತ್ತವೆ.

ಬಿಸಿಲಿಗೆ ಇಟ್ಟ ಕೂಡಲೇ ರೆಕ್ಕೆಗಳು ಕದಲುತ್ತವೆ. ಕೆಲವೇ ಕ್ಷಣಗಳಲ್ಲಿ ಒಂದೊಂದು ರೆಕ್ಕೆಯನ್ನು ಬೇರೆಬೇರೆಯಾಗಿ ಗುರುತಿಸಲಾಗದಷ್ಟು ವೇಗ ಬರುತ್ತದೆ. ಹಳೆಯ ತಂತಿ ಬಲ್ಬಿನ ಎದುರೂ ಚೆನ್ನಾಗಿಯೇ ತಿರುಗುತ್ತದೆ. ಎಲ್‌ಇಡಿ ದೀಪದ ಎದುರು ಮಾತ್ರ, ಬೆಳಕು ಕಣ್ಣಿಗೆ ಅಷ್ಟೇ ಪ್ರಖರವಾಗಿ ಕಂಡರೂ, ಗಿರಣಿ ಮಂಕಾಗುತ್ತದೆ. ಕಾಣುವ ಬೆಳಕಿಗಿಂತ ಬೀಳುವ ಶಾಖವೇ ಇಲ್ಲಿ ಮುಖ್ಯ ಎಂಬ ಮೊದಲ ಸುಳಿವು ಇದು. ಹಾಳೆ ಬರೆದವರು ಇದನ್ನು ಗಮನಿಸಿದಂತಿಲ್ಲ.

ಹಾಳೆಯ ಮೊದಲ ಮಾತು ಹೀಗಿದೆ: ಫೋಟಾನ್‌ಗಳು ರೆಕ್ಕೆಗಳಿಗೆ ಬಡಿಯುತ್ತವೆ, ಆ ಬಡಿತದಿಂದ ಗಿರಣಿ ತಿರುಗುತ್ತದೆ. ಬೆಳಕು ವಸ್ತುವನ್ನು ತಳ್ಳುತ್ತದೆ ಎಂಬುದು ನಿಜ, ಅದರಲ್ಲಿ ಸಂಶಯವಿಲ್ಲ. ಕಪ್ಪು ಮುಖ ಬೆಳಕನ್ನು ಹೀರಿಕೊಂಡಾಗ ಬೆಳಕಿನ ಸಂವೇಗವಷ್ಟೂ, ಎಂದರೆ ಅದು ಹೊತ್ತು ತಂದ ಚಲನೆಯ ಪ್ರಮಾಣವಷ್ಟೂ, ಆ ಮುಖಕ್ಕೆ ಸೇರುತ್ತದೆ. ಹೊಳೆಯುವ ಮುಖ ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಸಂವೇಗದ ದಿಕ್ಕೇ ತಿರುವುಮುರುವಾಗಿ, ಅದಕ್ಕೆ ಸುಮಾರು ಎರಡರಷ್ಟು ತಳ್ಳುವಿಕೆ ಸಿಗುತ್ತದೆ. ಹಾಗಿದ್ದರೆ ಬೆಳಕಿನಿಂದ ದೂರ ಸರಿಯಬೇಕಾದದ್ದು ಹೊಳೆಯುವ ಮುಖ. ಆದರೆ ಬುರುಡೆಯ ಹತ್ತಿರ ಕಣ್ಣಿಟ್ಟು, ಬೆಳಕು ಸ್ವಲ್ಪ ಕಡಿಮೆ ಇರುವಾಗ, ರೆಕ್ಕೆಗಳು ನಿಧಾನವಾಗಿ ಹೊರಡುವುದನ್ನು ನೋಡಿ: ಹಿಂದೆ ಸರಿಯುವುದು ಪ್ರತಿ ಬಾರಿಯೂ ಕಪ್ಪು ಮುಖವೇ. ಅಂದರೆ ಫೋಟಾನ್‌ಗಳ ತಳ್ಳುವಿಕೆ ಒಯ್ಯಬೇಕಾದ ದಿಕ್ಕಿಗೆ ಸರಿಯಾಗಿ ವಿರುದ್ಧವಾಗಿ ಗಿರಣಿ ತಿರುಗುತ್ತಿದೆ. ತನ್ನ ವಿವರಣೆಯನ್ನು ತಾನೇ ಸುಳ್ಳು ಮಾಡುವ ಸಾಕ್ಷ್ಯ ಪೆಟ್ಟಿಗೆಯೊಳಗೇ ಇದೆ.

ಲೆಕ್ಕವೂ ಹಾಳೆಯ ಪರವಾಗಿಲ್ಲ. ಚೆನ್ನಾಗಿ ಬಿಸಿಲು ಬಿದ್ದಾಗ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿ ಬೀಳುತ್ತದೆ ಎನ್ನೋಣ. ಒಂದು ಚದರ ಸೆಂಟಿಮೀಟರ್ ರೆಕ್ಕೆಗೆ ಸಿಗುವುದು 0.1 ವ್ಯಾಟ್. ಹಸಿರು ಬೆಳಕಿನ ಲೆಕ್ಕದಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು 2,800 ಕೋಟಿ ಕೋಟಿ ಫೋಟಾನ್‌ಗಳು. ಇಷ್ಟೊಂದು ಫೋಟಾನ್‌ಗಳು ಒಟ್ಟಾಗಿ ಕಪ್ಪು ಮುಖವನ್ನು ತಳ್ಳುವ ಬಲ ಎಷ್ಟೆಂದು ತಿಳಿಯಲು 0.1 ವ್ಯಾಟನ್ನು ಬೆಳಕಿನ ವೇಗದಿಂದ, ಎಂದರೆ ಸೆಕೆಂಡಿಗೆ 29,97,92,458 ಮೀಟರಿನಿಂದ, ಭಾಗಿಸಬೇಕು. ಬರುವ ಉತ್ತರ ಸುಮಾರು 0.33 ನ್ಯಾನೊನ್ಯೂಟನ್, ಅಂದರೆ 34 ನ್ಯಾನೊಗ್ರಾಂ ವಸ್ತುವಿನ ತೂಕದಷ್ಟು. ಸೂಜಿ ಮೊನೆಯ ಘರ್ಷಣೆಯನ್ನೂ ಉಳಿದ ಗಾಳಿಯ ತಡೆಯನ್ನೂ ಮೀರಿ ರೆಕ್ಕೆಗಳನ್ನು ಗಿರ್ರನೆ ತಿರುಗಿಸಲು ಈ ಬಲ ಏನೇನೂ ಸಾಲದು.

ನಿಜವಾದ ಕಾರಣ ಬುರುಡೆಯಲ್ಲಿ ಉಳಿದ ಅಲ್ಪ ಗಾಳಿ. ಒಳಗಿರುವುದು ಪೂರ್ಣ ನಿರ್ವಾತವಲ್ಲ. ಪೂರ್ಣ ನಿರ್ವಾತವಾಗಿದ್ದರೆ ಗಿರಣಿ ತಿರುಗುತ್ತಲೇ ಇರಲಿಲ್ಲ. ಬೆಳಕು ಬಿದ್ದಾಗ ಕಪ್ಪು ಮುಖ ಹೊಳೆಯುವ ಮುಖಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ವಿರಳವಾದ ಅನಿಲವು ರೆಕ್ಕೆಯ ಅಂಚುಗಳ ಬಳಿ ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ತೆವಳುತ್ತದೆ. ಇದರಿಂದ ಬಿಸಿ ಮುಖದ ಕಡೆ ಒತ್ತಡ ಹೆಚ್ಚಿ, ರೆಕ್ಕೆ ತಣ್ಣನೆಯ ಕಡೆಗೆ ನೂಕಲ್ಪಡುತ್ತದೆ. ಆಸ್ಬರ್ನ್ ರೆನಾಲ್ಡ್ಸ್ ಮತ್ತು ಮ್ಯಾಕ್ಸ್‌ವೆಲ್ 1879ರಲ್ಲಿ ಇದರ ಗಣಿತವನ್ನು ಬಿಡಿಸಿದರು. 1924ರಲ್ಲಿ ಐನ್‌ಸ್ಟೈನ್ ಅಂಚಿನ ಬಲಗಳ ಬಗ್ಗೆ ಮತ್ತೆ ಬರೆದರು. ಅದಕ್ಕೂ ಮೊದಲು, 1876ರಲ್ಲಿ, ಆರ್ಥರ್ ಶುಸ್ಟರ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಅವರು ಇಡೀ ಬುರುಡೆಯನ್ನೇ ಎಳೆಗಳಿಂದ ತೂಗುಹಾಕಿ ಬೆಳಕು ಬಿಟ್ಟರು. ರೆಕ್ಕೆಗಳು ಒಂದು ಕಡೆ ತಿರುಗಲು ಹೊರಟಾಗ ಗಾಜಿನ ಬುರುಡೆ ಎದುರು ದಿಕ್ಕಿಗೆ ಹೊರಳಿತು. ಹೊರಗಿನಿಂದ ಬಂದ ಬೆಳಕೇ ರೆಕ್ಕೆಗಳನ್ನು ತಳ್ಳುತ್ತಿದ್ದರೆ ಬುರುಡೆ ಹಾಗೆ ಹೊರಳಲು ಕಾರಣವಿರಲಿಲ್ಲ. ಬಲವೂ ಅದರ ಪ್ರತಿಬಲವೂ ಒಳಗಿನ ಅನಿಲದ ಮೂಲಕವೇ ನಡೆಯುತ್ತಿವೆ ಎಂಬುದು ಅದರಿಂದ ಸ್ಪಷ್ಟವಾಯಿತು. ಮನೆಯಲ್ಲಿ ಇದನ್ನು ಪರೀಕ್ಷಿಸಲು ಇನ್ನೂ ಸುಲಭದ ದಾರಿ ಇದೆ. ಗಿರಣಿಯನ್ನು ಫ್ರಿಜ್ಜಿನಲ್ಲಿಟ್ಟು ತಣಿಯಲು ಬಿಟ್ಟರೆ ಕಪ್ಪು ಮುಖ ಬೇಗ ಶಾಖ ಕಳೆದುಕೊಂಡು ಹೊಳೆಯುವ ಮುಖಕ್ಕಿಂತ ತಣ್ಣಗಾಗುತ್ತದೆ, ರೆಕ್ಕೆಗಳು ಹಿಮ್ಮುಖವಾಗಿ ತಿರುಗುತ್ತವೆ. ಫೋಟಾನ್ ಬಡಿತದ ಕಥೆಯಿಂದ ಇದನ್ನು ವಿವರಿಸಲು ಸಾಧ್ಯವೇ ಇಲ್ಲ.

ಹಾಳೆಯ ಎರಡನೆಯ ಮಾತು ಮೊದಲನೆಯದಕ್ಕಿಂತ ಆಳವಾದ ತಪ್ಪು, ಏಕೆಂದರೆ ಅದು ತರ್ಕದ ಉಡುಪು ತೊಟ್ಟು ಬರುತ್ತದೆ. ತಳ್ಳಬೇಕಾದರೆ ದ್ರವ್ಯರಾಶಿ ಇರಬೇಕು, ಫೋಟಾನ್ ತಳ್ಳುತ್ತದೆ, ಆದ್ದರಿಂದ ಫೋಟಾನಿಗೆ ದ್ರವ್ಯರಾಶಿ ಇದೆ ಎಂದು ಅಲ್ಲಿ ವಾದಿಸಲಾಗಿದೆ. ಶಾಲೆಯಲ್ಲಿ ಸಂವೇಗವೆಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು ಎಂದು ಕಲಿತವರಿಗೆ ಈ ವಾದ ಸಹಜವಾಗಿಯೇ ಕಾಣುತ್ತದೆ. ಆದರೆ ಆ ಸೂತ್ರ ಬೆಳಕಿಗಿಂತ ಬಹಳ ನಿಧಾನವಾಗಿ ಚಲಿಸುವ ವಸ್ತುಗಳಿಗೆ ಮಾತ್ರ ಹತ್ತಿರದ ಸತ್ಯ. ವಿಶಿಷ್ಟ ಸಾಪೇಕ್ಷತೆಯಲ್ಲಿ ಆ ಗುಣಲಬ್ಧವನ್ನು ಲೊರೆಂಟ್ಸ್ ಗುಣಕದಿಂದ ಇನ್ನೊಮ್ಮೆ ಗುಣಿಸಬೇಕು, ಮತ್ತು ವೇಗ ಬೆಳಕಿನ ವೇಗವನ್ನು ಸಮೀಪಿಸಿದಂತೆ ಆ ಗುಣಕ ಮಿತಿಯಿಲ್ಲದೆ ಬೆಳೆಯುತ್ತದೆ. ಫೋಟಾನಿಗೆ ಈ ಸೂತ್ರವನ್ನು ಹಚ್ಚಲು ಹೋದರೆ ಒಂದು ಕಡೆ ಶೂನ್ಯ ದ್ರವ್ಯರಾಶಿ, ಇನ್ನೊಂದು ಕಡೆ ಅನಂತ ಗುಣಕ. ಅವೆರಡರ ಗುಣಲಬ್ಧಕ್ಕೆ ಅರ್ಥವಿಲ್ಲ. ಪ್ರಕೃತಿಯಲ್ಲಿ ಇಲ್ಲಿ ವಿರೋಧಾಭಾಸವೇನೂ ಇಲ್ಲ. ಫೋಟಾನಿನ ಬಗ್ಗೆ ಈ ಸೂತ್ರ ಮೌನವಾಗಿದೆ, ಅಷ್ಟೇ.

ಮಾತಾಡುವ ಸೂತ್ರ ಬೇರೆ ಇದೆ. ಯಾವುದೇ ಕಣದ ಶಕ್ತಿಯ ವರ್ಗದಿಂದ, ಸಂವೇಗವನ್ನು ಬೆಳಕಿನ ವೇಗದಿಂದ ಗುಣಿಸಿದ್ದರ ವರ್ಗವನ್ನು ಕಳೆಯಿರಿ. ಉಳಿದದ್ದು ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದ್ದರ ವರ್ಗ. ವೀಕ್ಷಕರು ಯಾವ ವೇಗದಲ್ಲಿ ಚಲಿಸುತ್ತಿದ್ದರೂ ಶಕ್ತಿ ಬದಲಾಗಬಹುದು, ಸಂವೇಗ ಬದಲಾಗಬಹುದು, ಈ ಉಳಿಕೆ ಮಾತ್ರ ಎಲ್ಲರಿಗೂ ಒಂದೇ. ದ್ರವ್ಯರಾಶಿ ಎಂದು ಕರೆಯಬೇಕಾದದ್ದು ಅದನ್ನೇ. ಫೋಟಾನಿನ ವಿಷಯದಲ್ಲಿ ಶಕ್ತಿ ಮತ್ತು ಸಂವೇಗಗಳು ಸರಿಸಮವಾಗಿ ತೂಗಿ ಉಳಿಕೆ ಶೂನ್ಯವಾಗುತ್ತದೆ. ಅದರ ಸಂವೇಗವೆಂದರೆ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದ್ದು, ಅಥವಾ ಪ್ಲ್ಯಾಂಕ್ ಸ್ಥಿರಾಂಕವನ್ನು ತರಂಗದೂರದಿಂದ ಭಾಗಿಸಿದ್ದು. ಎಲ್ಲಿಯೂ ದ್ರವ್ಯರಾಶಿಯ ನೆರವು ಬೇಕಾಗಲಿಲ್ಲ. ಇದು ಕಾಗದದ ಮೇಲಿನ ಮಾತು ಮಾತ್ರವಲ್ಲ. ಎಲೆಕ್ಟ್ರಾನಿಗೆ ತಾಗಿ ಚದುರಿದ ಎಕ್ಸ್ ಕಿರಣದ ತರಂಗದೂರ ಹೆಚ್ಚುತ್ತದೆ ಎಂಬುದನ್ನು ಆರ್ಥರ್ ಕಾಂಪ್ಟನ್ 1923ರಲ್ಲಿ ಇದೇ ಸಂವೇಗದ ಲೆಕ್ಕದಿಂದ ವಿವರಿಸಿದರು. ಲಂಬಕೋನದಲ್ಲಿ ಚದುರಿದ ಕಿರಣಕ್ಕೆ ಆ ಹೆಚ್ಚಳ 2.43 ಪಿಕೊಮೀಟರ್. ಫೋಟಾನಿನ ದ್ರವ್ಯರಾಶಿಯನ್ನು ನೇರವಾಗಿ ಹುಡುಕಿದ ಪ್ರಯತ್ನಗಳೂ ಇವೆ. ಒಂದು ವೇಳೆ ಇದ್ದರೂ ಅದು ಎಲೆಕ್ಟ್ರಾನಿನ ದ್ರವ್ಯರಾಶಿಯ ಕೋಟಿ ಕೋಟಿ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರಬೇಕು ಎಂಬಲ್ಲಿಗೆ ಅವು ಬಂದು ನಿಂತಿವೆ.

ಇಲ್ಲಿ ಹಾಳೆಯ ಪರವಾಗಿ ಯಾರಾದರೂ, ಫೋಟಾನಿನ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ ಅದನ್ನೇ ದ್ರವ್ಯರಾಶಿ ಎನ್ನಬಹುದಲ್ಲ ಎಂದು ಕೇಳಬಹುದು. ಹೆಸರಿಡುವುದಕ್ಕೆ ಅಡ್ಡಿಯಿಲ್ಲ, ಆದರೆ ಆ ಹೆಸರನ್ನು ನಂಬಿ ಮುಂದೆ ಹೋದವರಿಗೆ ಪೆಟ್ಟು ಬೀಳುತ್ತದೆ. ಆ ಸಂಖ್ಯೆಯನ್ನು ನ್ಯೂಟನ್ನರ ಗುರುತ್ವ ನಿಯಮಕ್ಕೆ ಹಾಕಿ ಸೂರ್ಯನ ಅಂಚಿನಲ್ಲಿ ಹಾದುಹೋಗುವ ಬೆಳಕು ಎಷ್ಟು ಬಾಗುತ್ತದೆ ಎಂದು ಲೆಕ್ಕ ಮಾಡಿದರೆ ಸುಮಾರು 0.87 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಬರುತ್ತದೆ. ಐನ್‌ಸ್ಟೈನರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆ ಹೇಳುವುದು 1.75, ಮತ್ತು 1919ರ ಗ್ರಹಣದ ಕಾಲದ ಅಳತೆಗಳು ಒಲಿದದ್ದು ಈ ದೊಡ್ಡ ಸಂಖ್ಯೆಗೇ. ಅರ್ಧದಷ್ಟು ತಪ್ಪುವ ಲೆಕ್ಕಕ್ಕೆ ದಾರಿ ಮಾಡಿಕೊಡುವ ಹೆಸರನ್ನು ಇಟ್ಟುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಚಲಿಸುವ ವಸ್ತುವಿನ ದ್ರವ್ಯರಾಶಿ ಹೆಚ್ಚುತ್ತದೆ ಎಂಬ ಪರಿಕಲ್ಪನೆಯನ್ನು ತರುವುದು ಒಳ್ಳೆಯದಲ್ಲ ಎಂದು ಸ್ವತಃ ಐನ್‌ಸ್ಟೈನ್ 1948ರ ಪತ್ರವೊಂದರಲ್ಲಿ ಬರೆದಿದ್ದರು.

ಮೂರನೆಯದು ಬಲ. ಬಲವೆಂದರೆ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದ್ದು, ಸಾಪೇಕ್ಷತೆಯಲ್ಲಿ ದ್ರವ್ಯರಾಶಿಯ ಜಾಗದಲ್ಲಿ ಹೆಚ್ಚಿದ ದ್ರವ್ಯರಾಶಿಯನ್ನು ಹಾಕಿದರೆ ಸಾಕು ಎಂದು ಹಾಳೆ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ಇದು ಸಾಲದು ಎಂಬುದನ್ನು ಒಂದು ಉದಾಹರಣೆ ತೋರಿಸುತ್ತದೆ. ಬೆಳಕಿನ ವೇಗದ ಐದರಲ್ಲಿ ನಾಲ್ಕು ಭಾಗ ವೇಗದಲ್ಲಿ ಸಾಗುತ್ತಿರುವ ಕಣವನ್ನು ತೆಗೆದುಕೊಳ್ಳಿ. ಅದರ ಲೊರೆಂಟ್ಸ್ ಗುಣಕ ಸುಮಾರು 1.67. ಕಣವನ್ನು ಅದರ ಪಥಕ್ಕೆ ಅಡ್ಡಲಾಗಿ ತಳ್ಳಿದರೆ ಅದು ತನ್ನ ದ್ರವ್ಯರಾಶಿ 1.67 ಪಟ್ಟು ಆಗಿದೆಯೋ ಎಂಬಂತೆ ಪ್ರತಿರೋಧಿಸುತ್ತದೆ. ಪಥದ ಗುಂಟ ತಳ್ಳಿದರೆ ಗುಣಕದ ಘನದಷ್ಟು, ಎಂದರೆ ಸುಮಾರು 4.63 ಪಟ್ಟು, ಪ್ರತಿರೋಧ ಬರುತ್ತದೆ. ಓರೆಯಾಗಿ ತಳ್ಳಿದರಂತೂ ಕಣ ತಳ್ಳಿದ ದಿಕ್ಕಿಗೇ ವೇಗೋತ್ಕರ್ಷ ಪಡೆಯುವುದಿಲ್ಲ. ಒಂದೇ ಕಣಕ್ಕೆ ದಿಕ್ಕಿಗೊಂದು ದ್ರವ್ಯರಾಶಿ ಹೇಳಬೇಕಾಗಿ ಬಂದರೆ ಅದು ದ್ರವ್ಯರಾಶಿಯ ಗುಣವಲ್ಲ, ಸೂತ್ರದ ದೋಷ. 1905ರ ಮೊದಲ ಪ್ರಬಂಧದಲ್ಲಿ ಐನ್‌ಸ್ಟೈನ್ ಕೂಡ ಉದ್ದದ ಮತ್ತು ಅಡ್ಡದ ದ್ರವ್ಯರಾಶಿಗಳ ಬಗ್ಗೆ ಬೇರೆಬೇರೆಯಾಗಿ ಬರೆದಿದ್ದರು. 1906ರಲ್ಲಿ ಮ್ಯಾಕ್ಸ್ ಪ್ಲ್ಯಾಂಕ್ ಬಲವನ್ನು ಸಂವೇಗ ಬದಲಾಗುವ ದರವೆಂದು ಹಿಡಿದು ಈ ತೊಡಕನ್ನು ಬಿಡಿಸಿದರು. ಅಲ್ಲಿಂದ ಮುಂದೆ ದ್ರವ್ಯರಾಶಿ ಒಂದೇ, ಬಲದ ಸೂತ್ರವೂ ಒಂದೇ.

ಈ ಸೂತ್ರಕ್ಕೆ ಬಂದು ನಿಂತರೆ ಫೋಟಾನಿನ ತಳ್ಳುವಿಕೆ ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗುತ್ತದೆ. ಫೋಟಾನಿನ ವೇಗವನ್ನು ಹೆಚ್ಚಿಸಲಾಗದು, ತಗ್ಗಿಸಲಾಗದು. ಆದ್ದರಿಂದ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಭಾಷೆಯಲ್ಲಿ ಅದರ ಬಗ್ಗೆ ಹೇಳಲು ಏನೂ ಇಲ್ಲ. ಆದರೆ ಅದರ ಸಂವೇಗ ಬದಲಾಗಬಲ್ಲದು. ನಿಂತ ಕನ್ನಡಿಗೆ ತಾಗಿ ಹಿಂದಿರುಗುವ ಫೋಟಾನಿನ ಶಕ್ತಿ ಮತ್ತು ವೇಗಗಳು ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೂ ಸಂವೇಗ ಪೂರ್ತಿ ತಿರುಗಿರುತ್ತದೆ, ಆ ವ್ಯತ್ಯಾಸವೆಲ್ಲ ಕನ್ನಡಿಯ ಪಾಲಾಗುತ್ತದೆ. ಕನ್ನಡಿ ದೂರ ಸರಿಯುತ್ತಿದ್ದರೆ ಹಿಂದಿರುಗಿದ ಬೆಳಕಿನ ಆವೃತ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಕನ್ನಡಿ ಗಳಿಸಿದ ಚಲನಶಕ್ತಿ ಬಂದದ್ದು ಆ ಇಳಿಕೆಯಿಂದ. ಬಲದ ಲೆಕ್ಕ, ಶಕ್ತಿಯ ಲೆಕ್ಕ ಎರಡೂ ಕಾಸಿನಷ್ಟೂ ಹೆಚ್ಚುಕಡಿಮೆಯಾಗದೆ ಸರಿಹೊಂದುತ್ತವೆ, ಮತ್ತು ಎಲ್ಲೂ ಫೋಟಾನಿಗೆ ದ್ರವ್ಯರಾಶಿ ಕೊಡಬೇಕಾಗಿ ಬರಲಿಲ್ಲ.

ಹಾಳೆಯಲ್ಲಿ ಒಂದು ಸಾಲು ಮಾತ್ರ ಸತ್ಯದ ಹತ್ತಿರ ಬರುತ್ತದೆ: ಬೆಳಕು ಬಿದ್ದ ವಸ್ತುವಿನ ದ್ರವ್ಯರಾಶಿ ಹೆಚ್ಚುತ್ತದೆ ಎಂಬುದು. ಇದನ್ನು ಫೋಟಾನ್ ತನ್ನ ದ್ರವ್ಯರಾಶಿಯನ್ನು ಒಪ್ಪಿಸಿತು ಎಂದು ವಿವರಿಸಿದ್ದು ತಪ್ಪು, ಆದರೆ ಹೆಚ್ಚಳ ನಿಜ. 0.1 ಜೂಲ್ ಬೆಳಕನ್ನು ಹೀರಿ ಬಿಸಿಯಾದ ರೆಕ್ಕೆಯ ದ್ರವ್ಯರಾಶಿ ಸುಮಾರು 1.1 ಫೆಮ್ಟೊಗ್ರಾಂ ಹೆಚ್ಚುತ್ತದೆ, ಅಂದರೆ ಒಂದು ನ್ಯಾನೊಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ದ್ರವ್ಯರಾಶಿಯಿಲ್ಲದ್ದು ಬಂದು ಸೇರಿ ದ್ರವ್ಯರಾಶಿ ಹೆಚ್ಚುವುದು ಹೇಗೆ? ಒಂದು ವ್ಯವಸ್ಥೆಯ ದ್ರವ್ಯರಾಶಿ ಅದರ ಬಿಡಿಭಾಗಗಳ ದ್ರವ್ಯರಾಶಿಗಳ ಮೊತ್ತವಲ್ಲ ಎಂಬುದೇ ಉತ್ತರ, ಮತ್ತು ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವುದು ಇದೇ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಸಂಧಿಸಿ ಇಲ್ಲವಾದಾಗ ಸಾಮಾನ್ಯವಾಗಿ 511 ಕಿಲೊ ಎಲೆಕ್ಟ್ರಾನ್‌ವೋಲ್ಟಿನ ಎರಡು ಫೋಟಾನ್‌ಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಆಸ್ಪತ್ರೆಗಳ ಪೆಟ್ ಸ್ಕ್ಯಾನ್ ಹಿಡಿಯುವುದು ಈ ಜೋಡಿಯನ್ನೇ. ಎರಡರಲ್ಲಿ ಯಾವುದಕ್ಕೂ ದ್ರವ್ಯರಾಶಿ ಇಲ್ಲ. ಆದರೆ ಜೋಡಿಯನ್ನು ಒಟ್ಟಾಗಿ ನೋಡಿದರೆ ಸಂವೇಗಗಳು ಪರಸ್ಪರ ರದ್ದಾಗಿ ಶಕ್ತಿ ಮಾತ್ರ ಉಳಿಯುತ್ತದೆ. ಆದ್ದರಿಂದ ಆ ಜೋಡಿಯ ದ್ರವ್ಯರಾಶಿ ಮೊದಲಿದ್ದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ದ್ರವ್ಯರಾಶಿಯಷ್ಟೇ ಇರುತ್ತದೆ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದಿದ್ದರೆ ಜೋಡಿಯ ದ್ರವ್ಯರಾಶಿಯೂ ಶೂನ್ಯವಾಗುತ್ತಿತ್ತು. ಇಷ್ಟನ್ನು ಹಾಳೆಯಲ್ಲಿ ಒಂದು ಚಿತ್ರದ ಜೊತೆ ಬರೆದಿದ್ದರೆ ಅದರ ಬೆಲೆಯೇ ಬೇರೆಯಾಗುತ್ತಿತ್ತು.

ಬೆಳಕಿನ ತಳ್ಳುವಿಕೆಯನ್ನೇ ನೋಡಬೇಕೆಂದು ಬಯಸುವವರಿಗೆ ಈ ಗಿರಣಿ ಸಲ್ಲದು. 1901ರಲ್ಲಿ ರಷ್ಯಾದ ಪ್ಯೋಟರ್ ಲೆಬೆಡೆವ್, ಅದೇ ಹೊತ್ತಿಗೆ ಅಮೆರಿಕದ ಅರ್ನೆಸ್ಟ್ ನಿಕೋಲ್ಸ್ ಮತ್ತು ಗಾರ್ಡನ್ ಹಲ್ ಅದನ್ನು ಅಳೆದು ತೋರಿಸಿದರು. ಸೂಜಿಯ ಬದಲು ನವಿರಾದ ಎಳೆಗೆ ಕಟ್ಟಿದ ಹಗುರ ಫಲಕಗಳು, ಗಾಳಿಯ ಪರಿಣಾಮವನ್ನು ಆದಷ್ಟು ಕಡಿಮೆ ಮಾಡುವ ಎಚ್ಚರಿಕೆ, ಎಳೆಯ ಅತಿ ಸಣ್ಣ ತಿರುಚುವಿಕೆಯನ್ನು ಓದುವ ವ್ಯವಸ್ಥೆ, ಇವೆಲ್ಲ ಬೇಕಾದವು. ದೊಡ್ಡ ಪ್ರಮಾಣದಲ್ಲಿ ಅದನ್ನು ಕಂಡದ್ದು 2010ರಲ್ಲಿ ಜಪಾನ್ ಹಾರಿಸಿದ ಇಕಾರೊಸ್ ನೌಕೆಯಲ್ಲಿ. 14 ಮೀಟರ್ ಬದಿಯ ಚೌಕ ಹಾಯಿಯ ಮೇಲೆ ಬಿಸಿಲು ಹಾಕಿದ ಬಲ 1.12 ಮಿಲಿನ್ಯೂಟನ್ ಎಂದು ವರದಿಯಾಯಿತು.

ಹಾಗಾದರೆ ಈ ಗಿರಣಿಯನ್ನು ಯಾರು ಕೊಳ್ಳಬೇಕು? ಪ್ರೌಢಶಾಲೆಯಿಂದ ಪದವಿಯವರೆಗೆ ಭೌತಶಾಸ್ತ್ರ ಕಲಿಸುವ ಪ್ರತಿಯೊಬ್ಬರೂ ಒಂದನ್ನು ಇಟ್ಟುಕೊಳ್ಳಬಹುದು. ತಿರುಗುವ ದಿಕ್ಕನ್ನು ಮೊದಲೇ ಹೇಳದೆ, ಫೋಟಾನ್ ಸಿದ್ಧಾಂತದಂತೆ ಯಾವ ಮುಖ ಹಿಂದೆ ಸರಿಯಬೇಕು ಎಂದು ವಿದ್ಯಾರ್ಥಿಗಳಿಂದ ಬರೆಸಿ, ಆಮೇಲೆ ಬಿಸಿಲಿಗೆ ಇಡಬೇಕು. ಗಾಜು ತೆಳುವಾದ್ದರಿಂದ ತಣಿಸುವ ಪರೀಕ್ಷೆಗೆ ಬಿಸಿಲಿನಿಂದ ನೇರವಾಗಿ ಫ್ರಿಜ್ಜಿಗೆ ಒಯ್ಯಬಾರದು. ಕೋಣೆಯ ತಾಪಕ್ಕೆ ಬಂದ ಮೇಲೆ ಇಡಬೇಕು, ಮತ್ತು ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ದೀಪದ ಬೆಳಕು ನೇರವಾಗಿ ಬೀಳದಂತೆ ನೋಡಿಕೊಳ್ಳಬೇಕು. ತಯಾರಕರು ಮುಂದಿನ ಮುದ್ರಣದಲ್ಲಿ ಪೆಟ್ಟಿಗೆಯ ಮೇಲಿನ ಸಾಲನ್ನು ತೆಗೆದು, ಹಾಳೆಯಲ್ಲಿ ಶುಸ್ಟರ್ ಪ್ರಯೋಗವನ್ನೂ 0.33 ನ್ಯಾನೊನ್ಯೂಟನ್ನಿನ ಲೆಕ್ಕವನ್ನೂ ಸೇರಿಸಿದರೆ, ಅರ್ಧ ನಕ್ಷತ್ರವನ್ನೂ ಕಡಿಮೆ ಮಾಡದೆ ಐದಕ್ಕೆ ಐದು ಕೊಡುತ್ತೇನೆ. ಸದ್ಯಕ್ಕೆ ಉಪಕರಣಕ್ಕೆ ಐದರಲ್ಲಿ ನಾಲ್ಕೂವರೆ, ಹಾಳೆಗೆ ಒಂದು.